ಭಾವ ತಂದುಕೊಟ್ಟ ತೊಟ್ಟಿ

ಭಾವನವರಿಗೆ ನಮಸ್ಕಾರ.

ತಂತಿಬೇಲಿ ಗೀರಿ ನಮ್ಮ ಹಸುವಿನ ತೊಡೆಗೆ ಆದ ಗಾಯಕ್ಕೆ ಇಂದಿಗೆ ಎಪ್ಪತ್ತು ದಿನ. ದಿನಕ್ಕೆ ಎರಡು ಸಲ ತೊಳೆದು ಮುಲಾಮು ಹಚ್ಚುತ್ತೇನೆ. ಹಕ್ಕಳೆ ಕಟ್ಟುತ್ತದೆ, ಉದುರುತ್ತದೆ, ಕೆಳಗೆ ಮತ್ತೆ ಹಸಿ ಗಾಯ. ಹೋದ ತಿಂಗಳು ಬಂದಾಗ ನೀವು ನಕ್ಕಿರಿ: "ನೀನು ನೆಟ್ಟ ಗಿಡಾನೇ ಬದುಕಲ್ಲ, ಇನ್ನು ಗಾಯ ಮಾಯುತ್ತಾ? ನಿನ್ನ ಕೈಗುಣಾನೇ ಅಷ್ಟು!" ನಾನೂ ಅದನ್ನು ನಂಬಿ ಮುಲಾಮು ಬದಲಿಸುತ್ತಾ ಬಂದೆ.

ನಿನ್ನೆ ಪಶುವೈದ್ಯರು ರಕ್ತ ಪರೀಕ್ಷೆಯ ವರದಿ ತಂದರು. ಹಸುವಿನ ರಕ್ತದಲ್ಲಿ ಸೀಸ ಸೇರಿದೆಯಂತೆ. ಸೀಸ ಸೇರಿದರೆ ಗಾಯ ಬೇಗ ಕೂಡಿಕೊಳ್ಳುವುದಿಲ್ಲವಂತೆ.

"ನೀರು ಯಾವುದರಲ್ಲಿ ಕುಡಿಸ್ತೀಯಮ್ಮಾ?" ಎಂದರು. ತೊಟ್ಟಿ ತೋರಿಸಿದೆ. ನಿಮ್ಮ ಕಾರ್ಖಾನೆಯಲ್ಲಿ ಒಡೆದ ದೊಡ್ಡ ಬ್ಯಾಟರಿಯ ಪೆಟ್ಟಿಗೆ ಅದು. ನೀವೇ ಉಜ್ಜಿ ತೊಳೆದು ತಂದುಕೊಟ್ಟದ್ದು. ಅವರು ನೀರನ್ನೆಲ್ಲ ಚೆಲ್ಲಿ, "ಬ್ಯಾಟರಿಯೊಳಗೆ ಇರೋದೇ ಸೀಸ, ಎಷ್ಟು ತೊಳೆದರೂ ಹೋಗಲ್ಲ" ಎಂದರು.

ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಅದರ ಜೋಡಿ ಪೆಟ್ಟಿಗೆ ನಿಮ್ಮ ಅಡುಗೆಮನೆಯಲ್ಲಿದೆ. ಅಕ್ಕ ಅದರಲ್ಲೇ ಕುಡಿಯುವ ನೀರು ತುಂಬಿಡುತ್ತಾಳೆ. ದಯವಿಟ್ಟು ಈಗಲೇ ಅದನ್ನು ಹೊರಗೆ ಹಾಕಿ. ಬೇರೆ ಯಾರಿಗೂ ಕೊಡಬೇಡಿ.

ಹೆರಿಗೆಯಾಗಿ ಎರಡು ತಿಂಗಳಾದರೂ ಅಕ್ಕನ ಹೊಟ್ಟೆಯ ಹೊಲಿಗೆ ಕೂಡಿಕೊಂಡಿಲ್ಲ. ಸುಮ್ಮನೆ ಮಲಗಿರದೆ ಓಡಾಡಿದ್ದಕ್ಕೇ ಹೀಗಾಯಿತು ಎಂದು ನೀವು ಅವಳನ್ನು ಗದರುತ್ತಿದ್ದೀರಂತೆ. ಇನ್ನು ಗದರಬೇಡಿ. ಶುಕ್ರವಾರ ಬೆಳಿಗ್ಗೆ ಬಂದು ಅಕ್ಕನನ್ನೂ ಮಗುವನ್ನೂ ರಕ್ತ ಪರೀಕ್ಷೆಗೆ ಕರೆದೊಯ್ಯುತ್ತೇನೆ.

ನೀವೂ ಅದೇ ನೀರು ಕುಡಿದವರು, ಪರೀಕ್ಷೆಗೆ ಹೊರಡಲು ಸಿದ್ಧವಾಗಿರಿ.

ನಿಮ್ಮ ನಾದಿನಿ