ಶನಿಯಾರಣ್ಣನ ಬಣ್ಣ

ಹೊನ್ನಾವರ, ಫೆಬ್ರವರಿ 3

ಇವತ್ತೂ ಮದುವೆ ಆಲ್ಬಮ್ಮು. ಕುಮಟಾದ್ದು. ಎಲ್ಲರ ಮುಖ ಬೆಳ್ಳಗೆ ಮಾಡೂದು, ಇದೇ ಕೆಲಸ. ಪರದೆ ಎಳೆದ ರೂಮು — ಹೊರಗಿನ ಬೆಳಕು ಬಿದ್ರೆ ಸ್ಕ್ರೀನಿನ ಬಣ್ಣ ನಂಬೂಕಾಗೂದಿಲ್ಲ. ಸ್ಟುಡಿಯೋ ಮಾಲೀಕ ದಿನಕರಣ್ಣ ಶೂಟಿಂಗಿಗೆ ಭಟ್ಕಳಕ್ಕೆ ಹೋದ. ನಾನೊಬ್ಬಳೇ. ಮನೆಗೆ ಹೋದ್ರೂ ಒಬ್ಬಳೇ.

ಮಧ್ಯಾಹ್ನ ದುರ್ಗಕ್ಕ ಬಂದ್ರು, ಮೀನು ಮಾರುವವ್ರು. ಗಂಡ ಶನಿಯಾರಣ್ಣ ತೀರಿಹೋಗಿ ವರ್ಷ ಆಗ್ತಾ ಬಂತು. ಭಾನುವಾರ ವರ್ಷಾಂತ, ಗೋಡೆಗೆ ಫೋಟೋ ಬೇಕು. ಇರೂದು ಒಂದೇ — ಬೋಟಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಕೂತಿದ್ದು, ಮೊಬೈಲಲ್ಲಿ ತೆಗ್ದಿದ್ದು. ಮುಖವೆಲ್ಲ ನೀಲಿ.

ಫೆಬ್ರವರಿ 4

ನೀಲಿ ತೆಗೆದೆ. ಕೈ ಅಭ್ಯಾಸ, ಬೆಳ್ಳಗೂ ಮಾಡಿಬಿಟ್ಟೆ. ದುರ್ಗಕ್ಕ ಸುಮಾರು ಹೊತ್ತು ನೋಡಿದ್ರು.

"ಇದ್ಯಾರು ತಂಗಿ? ಬ್ಯಾಂಕ್ ಮ್ಯಾನೇಜರ್ರಾ?"

ನಾಚಿಕೆ ಆತು. ನಾನು ಶನಿಯಾರಣ್ಣನ್ನ ಕಂಡವಳೇ ಅಲ್ಲ. ಪಕ್ಕದಲ್ಲಿ ಕೂರಿಸ್ಕೊಂಡೆ. ನೀವೇ ಹೇಳಿ, ಬಣ್ಣ ಎಲ್ಲಿ ನಿಲ್ಲಿಸ್ಲಿ ಅಂದೆ.

"ಇನ್ನೂ ಕಪ್ಪು... ಇನ್ನೂ. ಕೆನ್ನೆ ಹತ್ರ ಸ್ವಲ್ಪ ಕೆಂಪು. ಬಿಸಿಲು ತಿಂದ ಮುಖ ಅದು. ಹಾಂ, ಆತು."

ಪ್ರಿಂಟ್ ಹಾಕಿದ್ರೆ ಹಸಿರು ಹೊಡೀತು. ಹೊಸ ಪೇಪರು, ಅದಕ್ಕೆ ಹೊಂದೂ ಬಣ್ಣದ ಸೆಟ್ಟಿಂಗು ಹಾಕಿರಲಿಲ್ಲ. ನಾಳೆ ಬನ್ನಿ ಅಂದೆ. ಮತ್ತೆ ಬರ್ತಾರಲ್ಲ ಅಂತ ಖುಷಿ ಆತು, ಸುಳ್ಳೆಂತಕ್ಕೆ.

ಫೆಬ್ರವರಿ 5

ಬೆಳಿಗ್ಗೆಯೇ ಪ್ರಿಂಟ್ ಸರಿ ಬಂತು. ಅವ್ರು ಹೇಳಿದ್ದೇ ಬಣ್ಣ. ಡ್ರಾಯರಲ್ಲಿಟ್ಟೆ. ದುರ್ಗಕ್ಕ ಬಂದಾಗ ಇನ್ನೂ ಆಗ್ಲಿಲ್ಲ ಅಂದುಬಿಟ್ಟೆ. ಸ್ವಲ್ಪ ಹೊತ್ತು ಕೂತ್ರು. ಗಂಡ ಸಿಟ್ಟು ಬಂದ್ರೆ ಊಟ ಬಿಡ್ತಿದ್ದದ್ದು, ಆಮೇಲೆ ಕದ್ದು ಸಾರು ಕುಡೀತಿದ್ದದ್ದು, ಎಲ್ಲ ಹೇಳಿದ್ರು. ಈ ರೂಮಲ್ಲಿ ನಾನು ನಕ್ಕು ಎಷ್ಟು ಕಾಲ ಆತೋ.

ಎಂಥ ಹೆಂಗಸು ನಾನು. ಅವರ ಗಂಡನ್ನ ಬಚ್ಚಿಟ್ಟು...

ಫೆಬ್ರವರಿ 7

ನಿನ್ನೆ ಬರಲೇ ಇಲ್ಲ. ವರ್ಷಾಂತ ನಾಳೆ. ಹೆದರಿಕೆ ಆತು. ನಾನೇ ಮೀನು ಮಾರ್ಕೆಟ್ಟಿಗೆ ಹೋಗಿ ಕೊಟ್ಟೆ. ಸೆರಗಿಗೆ ಕೈ ಒರೆಸ್ಕೊಂಡು ತಗೊಂಡ್ರು. ಬಿಸಿಲಿಗೆ ಹಿಡಿದು ನೋಡಿದ್ರು.

"ಇವ್ರೇ," ಅಂದ್ರು. ಅತ್ತುಬಿಟ್ರು. ಆಮೇಲೆ ಮುಖ ಒರೆಸ್ಕೊಂಡು, "ಇನ್ನು ನಿಂಗೆ ತೊಂದ್ರೆ ಕೊಡೂದಿಲ್ಲ ತಂಗಿ."

ತೊಂದ್ರೆ ಅಲ್ಲ ಅಂತ ಹೇಳ್ಬೇಕಿತ್ತು.

ಫೆಬ್ರವರಿ 12

ಇವತ್ತು ಆರ್ಡರ್ ಇಲ್ಲ. ನನ್ನದೇ ಒಂದು ಫೋಟೋ ತೆರೆದೆ. ಟ್ಯೂಬ್‌ಲೈಟಿನ ಹಸಿರು ತೆಗೆದೆ. ಸ್ವಲ್ಪ ಕಪ್ಪು ಮಾಡಿದೆ, ಹೆಚ್ಚಾತು. ಬೆಳ್ಳಗೆ ಮಾಡಿದೆ. ಊಹೂಂ. ಎಲ್ಲಿ ನಿಲ್ಲಿಸೂದು ಗೊತ್ತಾಗ್ತಿಲ್ಲ. ಕೇಳೋಣ ಅಂದ್ರೆ, ನನ್ನ ಮುಖ ಸರಿಯಾಗಿ ನೋಡಿದವ್ರು ಯಾರಿದ್ದಾರೆ.