ಎಡೆಗೆ ಚಿಕನ್ ರೋಲ್

ರೀ,

ನಿಮ್ಮಮ್ಮನ ಜೊತೆ ಏಗಿ ಸಾಕಾಯಿತು. ಇವತ್ತು ಪಿತೃಪಕ್ಷ, ನಿಮ್ಮ ಹೆಸರಿಗೆ ಮೊದಲ ಎಡೆ. ಮುದ್ದೆ, ಕೋಳಿಸಾರು ಎಲ್ಲ ಆಗಿತ್ತು. ಅಷ್ಟರಲ್ಲಿ ಅತ್ತೆ ಹಟ ಹಿಡಿದರು: "ಕೆಂಗಲ್ ತಾವ ಹೋಟ್ಲಲ್ಲಿ ತಿಂದ್ಬಂದು, ಮನೇಲೂ ಮಾಡು ಅಂತಿದ್ನಲ್ಲ, ಆ ಚಿಕನ್ ರೋಲೂ ಇಕ್ಕವ್ವ."

ಬೇಯಿಸಿ ತಣ್ಣಗಾದ ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿ, ಮೊಸರು, ಸೌತೆಕಾಯಿ, ಈರುಳ್ಳಿ ಕಲಸಿ ಚಪಾತಿಯಲ್ಲಿ ಸುತ್ತಿದೆ.

"ತಣ್ಣಗೈತಲ್ಲ, ಒಸಿ ಸಾರು ಬುಡು" ಎಂದು ಅತ್ತೆ ತಾವೇ ಸೌಟು ಬಗ್ಗಿಸಿದರು. ಚಪಾತಿ ನೆನೆದು ಹರಿದುಹೋಯಿತು.

"ಇದಕ್ಕೆ ಸಾರು ಬಿಡಲ್ಲ ಅತ್ತೆ!" ಎಂದು ರೇಗಿ ಇನ್ನೊಂದು ಸುತ್ತಿದೆ.

ಎಡೆ ಇಟ್ಟು, ನೀವು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಜಗುಲಿಯಲ್ಲಿ ಕೂತೆವು. ಅತ್ತೆ ಮೆಲ್ಲಗೆ ಕೇಳಿದರು: "ಇಷ್ಟೇ ಕೆಲ್ಸವಾ? ಅವ್ನು ಕೇಳ್ದಾಗೆಲ್ಲ ಟೈಮಿಲ್ಲ ಅಂತಿದ್ಯಲ್ಲವ್ವ?"

ಅರ್ಧ ಗಂಟೆಯೂ ಹಿಡಿದಿರಲಿಲ್ಲ ರೀ.