ನಿನ್ನ ಪೆನ್ಸಿಲ್ ಪ್ರಶ್ನೆಗೆ ಉತ್ತರ ಬಂದಿದೆ, ಚಂದ್ರಣ್ಣ

ಪ್ರೀತಿಯ ಚಂದ್ರಣ್ಣನಿಗೆ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಸುದ್ದಿ: ನಿನ್ನ ರಕ್ತ ಕುಡಿಯುವ ಗಂಡಸರು ಶಿವಮೊಗ್ಗದಲ್ಲಿ ಫ್ಯಾಷನ್ ಆಗಿಬಿಟ್ಟಿದ್ದಾರೆ! ನಾವಿಬ್ಬರು ನ್ಯೂಸ್‌ಪೇಪರ್ ಸುತ್ತಿ, ರಟ್ಟು ಮರೆಸಿ ಓದುತ್ತಿದ್ದಂಥ ವ್ಯಾಂಪೈರ್ ಪ್ರೇಮಕಥೆಗಳನ್ನು ಈಗ ದುರ್ಗಿಗುಡಿಯ ಬಸ್ ಸ್ಟಾಪಿನಲ್ಲಿ ಹುಡುಗಿಯರು ಎದೆಗೆ ಅವಚಿಕೊಂಡು ನಿಂತಿರುತ್ತಾರೆ. ನನ್ನ ಇತಿಹಾಸದ ತರಗತಿಯಲ್ಲೇ ಒಬ್ಬಳು ನೋಟ್ಸಿನ ಕೆಳಗಿಟ್ಟುಕೊಂಡು ಓದುತ್ತಿದ್ದಳು. ಕಿತ್ತುಕೊಂಡೆ. ಎರಡು ದಿನದಲ್ಲಿ ಮುಗಿಸಿದೆ. ಮೂರನೆಯ ದಿನ ಸಿಟ್ಟು ನೆತ್ತಿಗೇರಿತ್ತು, ಜಗಳವಾಡಲು ನೀನು ಬೇಕಾಗಿತ್ತು. ನೀನು ಹೋಗಿ ಮೂರು ವರ್ಷವಾಯಿತು ಎಂಬುದು ಪುಸ್ತಕ ಮುಚ್ಚಿಟ್ಟ ಮೇಲೆ ನೆನಪಾಯಿತು. ನಂಬುತ್ತೀಯಾ?

ನಾವು ಪರಿಚಯವಾದದ್ದೂ ಇಂಥದೇ ಒಂದು ಪುಸ್ತಕದಿಂದ ಅಲ್ಲವೇ? ತೊಂಬತ್ತರ ದಶಕದ ನಡುಭಾಗ, ಕೋಟೆ ಬೀದಿಯಲ್ಲಿ ನಮ್ಮ ಮೂರ್ತಿಗಳು ನಡೆಸುವ ಬಾಡಿಗೆ ಲೈಬ್ರರಿ. ಕಪ್ಪು ರಟ್ಟಿನ ಆ ದಪ್ಪ ಇಂಗ್ಲಿಷ್ ಕಾದಂಬರಿ. ಯಾವುದೋ ಚಳಿ ದೇಶದ ಹಳೆಯ ಗಾಳಿ ಗಿರಣಿಯಲ್ಲಿ ಮುನ್ನೂರು ವರ್ಷ ಒಟ್ಟಿಗೆ ಬಾಳಿದ ಇಬ್ಬರು ಗಂಡು ವ್ಯಾಂಪೈರ್‌ಗಳ ಕಥೆ. ಅವರಿಬ್ಬರು ಕೈ ಹಿಡಿದುಕೊಳ್ಳುವ ಹೊತ್ತಿಗೆ ಸರಿಯಾಗಿ ಲೇಖಕಿ ಅಧ್ಯಾಯ ಮುಗಿಸಿದ್ದಳು. ಅಂಚಿನಲ್ಲಿ ಯಾರೋ ಪೆನ್ಸಿಲ್ಲಿನಿಂದ, "ಇಲ್ಲಿ ಹೆದರಿಬಿಟ್ಟಳು" ಎಂದು ಕನ್ನಡದಲ್ಲಿ ಗೀಚಿದ್ದರು. ಕೆಳಗೆ "ಯಾರಿಗೆ?" ಎಂದು ಬರೆದು ಪುಸ್ತಕ ಹಿಂತಿರುಗಿಸಿದೆ. ಹದಿನೈದು ದಿನ ಬಿಟ್ಟು ಮತ್ತೆ ತಂದು ನೋಡಿದರೆ, "ನಮ್ಮ ಚಿಕ್ಕಮ್ಮಂಗೆ" ಎಂದಿತ್ತು. ಒಬ್ಬನೇ ಕೂತು ಎಷ್ಟು ನಕ್ಕೆನೆಂದರೆ, ಅಮ್ಮ ಅಡುಗೆಮನೆಯಿಂದ ಬಂದು ನೋಡಿ ಹೋದಳು. ಮೂರು ತಿಂಗಳು ಅಂಚಿನಲ್ಲೇ ಮಾತಾಡಿದ ಮೇಲೆ ನೀನೇ ಬರೆದೆ: ಶನಿವಾರ ನಾಲ್ಕು ಗಂಟೆ, ಭದ್ರಾವತಿ ಬಸ್ಸು, ಕೈಯಲ್ಲಿ ಕೊಡೆ ಇರುತ್ತೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೊಡೆ ಬಿಚ್ಚಿಕೊಂಡೇ ಬಸ್ಸಿಳಿದ ಕಾರ್ಖಾನೆಯ ಫಿಟ್ಟರ್ ನೀನು. "ನಮ್ಮ ಜಾತಿಯವ್ರಿಗೆ ಬಿಸಿಲು ಆಗಲ್ವಲ್ಲ ಮಾರಾಯ" ಅಂದೆ. ನನಗಿಂತ ಹತ್ತು ವರ್ಷ ದೊಡ್ಡವನು, ಆದರೆ ಆ ಕ್ಷಣದಿಂದಲೇ ಏಕವಚನ.

ನಾವಿಬ್ಬರೂ ಗೇ ಎಂದು ಆ ಪದವನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಮತ್ತೊಂದು ವರ್ಷ ಹಿಡಿಯಿತು. ಪ್ರೇಮಿಗಳಾಗಲಿಲ್ಲ. ಅದಕ್ಕಿಂತ ಅಪರೂಪದ್ದೇನೋ ಆದೆವು, ಜೊತೆಯಲ್ಲಿ ಓದುವವರು.

ನಿನ್ನ ಕ್ವಾರ್ಟರ್ಸಿನ ಭಾನುವಾರಗಳು ಈಗಲೂ ನಾಲಿಗೆಯ ಮೇಲಿವೆ. ಖಾರಮಂಡಕ್ಕಿ, ಮಧ್ಯೆ ಬೋರಲು ಹಾಕಿದ ಪುಸ್ತಕ, ಎರಡೂ ಕಡೆ ಕೂತು ಹಟ. ನನ್ನ ತಕರಾರು ನಿನಗೆ ಬಾಯಿಪಾಠವಾಗಿತ್ತು: ಇಬ್ಬರು ಗಂಡಸರು ಒಂದು ಮನೆಯಲ್ಲಿ ಸಂಸಾರ ಮಾಡಬೇಕಾದರೆ ಮೊದಲು ಸಾಯಲೇಬೇಕೆಂದು ಈ ಲೇಖಕರಿಗೆ ಹೇಳಿದವರು ಯಾರು? ಬದುಕಿರುವಾಗಲೇ ಒಂದು ಒಲೆ, ಎರಡು ಲೋಟ ಕೊಟ್ಟರೆ ಇವರ ಗಂಟೇನು ಹೋಗುತ್ತದೆ? ಅಷ್ಟು ಸಾಲದೆಂದು ಕೊನೆಯ ಅಧ್ಯಾಯದಲ್ಲಿ ಒಬ್ಬಳು ಸುಂದರಿಯನ್ನು ತಂದು, ಇಬ್ಬರಲ್ಲಿ ಒಬ್ಬನನ್ನು ಬಿಸಿಲಿಗೆ ತಳ್ಳಿ ಬೂದಿ ಮಾಡುತ್ತಾರೆ. ಯಾವಾಗಲೂ ನಮ್ಮವನೇ ಬೂದಿ! ನೀನು ಶಾಂತವಾಗಿ ಮಂಡಕ್ಕಿಯಲ್ಲಿ ಕಡಲೆಬೀಜ ಆರಿಸುತ್ತಾ ಹೇಳುತ್ತಿದ್ದೆ: "ಸಾಯದೇ ಇರೋದಲ್ಲ ಮಾರಾಯ ಅವರ ಪುಣ್ಯ. ಮುನ್ನೂರು ವರ್ಷದಲ್ಲಿ ಒಬ್ಬರಾದ್ರೂ ಮದುವೆ ಯಾವಾಗ ಅಂತ ಕೇಳಿದ್ದಾರಾ ನೋಡು." ಬೀದಿದೀಪ ಉರಿಯದಿದ್ದರೆ ಪತ್ರಿಕೆಯ ಸಂಪಾದಕರಿಗೆ ಪುಟಗಟ್ಟಲೆ ಬರೆಯುತ್ತಿದ್ದ ನಾನು ಆಗ ಮಂಡಕ್ಕಿಗೆ ಕೈ ಹಾಕುತ್ತಿದ್ದೆ.

ಒಂದು ವರ್ಷ ನಿಮ್ಮ ಲೈನಿನ ಮನೆಮನೆಯ ಬಾಗಿಲಿಗೂ "ನಾಳೆ ಬಾ" ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರಲ್ಲ, ನೆನಪಿದೆಯಾ? ಹೆಂಗಸಿನ ರೂಪದ ದೆವ್ವ ಬಂದು ಹೆಸರು ಹಿಡಿದು ಕೂಗುತ್ತದೆ, ಓದಿಕೊಂಡು ವಾಪಸು ಹೋಗುತ್ತದೆ ಎಂಬ ಗುಲ್ಲು. ದೆವ್ವ ಯಾವ ಭಾಷೆಯದೋ ಗೊತ್ತಿಲ್ಲವೆಂದು ಪಕ್ಕದ ಮನೆಯವರು ತಮಿಳಿನಲ್ಲೂ, ಅದರಾಚೆಯವರು ತೆಲುಗಿನಲ್ಲೂ ಬರೆದಿದ್ದರು. ನಿನ್ನ ಬಾಗಿಲು ಮಾತ್ರ ಖಾಲಿ. ಕೇಳಿದ್ದಕ್ಕೆ, "ನಮ್ಮನೆಗೆ ಯಾರು ಬರ್ತಾರೆ? ಅದಾದ್ರೂ ಬರ್ಲಿ ಬಿಡು" ಅಂದೆ. ಆಮೇಲೆ ನೀನೇ ಹೋಲಿಕೆ ಮಾಡಿದೆ. ನಮ್ಮೂರಿನ ದೆವ್ವ ಬೇಡ ಎಂದು ಬರೆದರೆ ಹೋಗುತ್ತದೆ. ಇಂಗ್ಲಿಷ್ ಕಾದಂಬರಿಯ ವ್ಯಾಂಪೈರ್ ಮನೆಯವರು ಬಾ ಎಂದು ಕರೆಯುವ ತನಕ ಹೊಸಿಲು ದಾಟುವ ಹಾಗೇ ಇಲ್ಲ. ಎರಡೂ ಪಾಪ ಎಷ್ಟು ಮರ್ಯಾದಸ್ತ ಜೀವಗಳು ಅಂದೆ. ನಾನು ನಕ್ಕೆ. ನೀನು ನಗಲಿಲ್ಲ. ಆಗ ನಾನು ಗಮನಿಸಬೇಕಿತ್ತು...

ಆ ಗುರುವಾರವನ್ನು ಬರೆಯದೆ ಈ ಪತ್ರ ಮುಂದಕ್ಕೆ ಹೋಗುವುದಿಲ್ಲ. ಅದೇ ಕಪ್ಪು ರಟ್ಟಿನ ಪುಸ್ತಕವನ್ನು ಎಷ್ಟನೆಯ ಸಲವೋ ಓದಿ, ನನಗೆ ಕೊಡಲು ನೀನು ಮೊದಲ ಬಾರಿಗೆ ಮನೆಯ ತನಕ ಬಂದೆ. ಹನ್ನೊಂದು ಗಂಟೆಯ ಬಿಸಿಲು, ಹಸಿರು ಬಾಗಿಲು, ನಿನ್ನ ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಅದೇ ಕೊಡೆ. ಒಳಗಿಂದ ಅಮ್ಮ "ಯಾರೋ ಅದು?" ಎಂದಳು. "ಯಾರೂ ಇಲ್ಲ, ಲೈಬ್ರರಿಯವ್ರು" ಎಂದೆ. ಬಾಗಿಲಿಗೆ ಅಡ್ಡ ನಿಂತೇ ಪುಸ್ತಕ ಇಸಿದುಕೊಂಡೆ. ನಾಳೆ ಸಿಗೋಣ ಎಂದೆ. ನನ್ನ ಬಾಯಲ್ಲಿ ಬಂದ ಮಾತು ಅದೇ, ಬೇರೆ ಯಾವುದೂ ಅಲ್ಲ. ನೀನು ಚಪ್ಪಲಿ ಬಿಟ್ಟಾಗಿತ್ತು. ಮತ್ತೆ ಮೆಟ್ಟಿಕೊಂಡೆ. ಅಮ್ಮ ನಿನ್ನನ್ನು ನೋಡಿದರೆ ನನ್ನ ಮುಖದಲ್ಲಿ ಎಲ್ಲವನ್ನೂ ಓದಿಬಿಡುತ್ತಾಳೆ ಎಂದು ಹೆದರಿದ್ದೆ, ಆ ಲೇಖಕಿಯ ಹಾಗೆ.

ನೀನು ಹೋದ ಮೇಲೆ ಪುಸ್ತಕ ತೆರೆದೆ. ಒಬ್ಬಳು ಮುದುಕಿ ಬಾಗಿಲಲ್ಲಿ ನಿಂತು, ಬಾರಪ್ಪ ಎಂದು ವ್ಯಾಂಪೈರನ್ನು ಕರೆಯುವ ಪುಟದ ಅಂಚಿನಲ್ಲಿ ನೀನು ಬರೆದಿದ್ದೆ: "ಇವನನ್ನು ಕರೆದರು. ನಮ್ಮನ್ನು ಕರೆಯುವವರು ಯಾರು?" ಬಸ್ಸಿನಲ್ಲಿ ಬರುವಾಗ ಬರೆದಿದ್ದಿರಬೇಕು, ಅಕ್ಷರ ಕುಲುಕಿತ್ತು. ಅಂದರೆ ಬರುವ ಮೊದಲೇ ಬರೆದದ್ದು. ಕರೆಯುತ್ತೇನೆಂದು ನಂಬಿ ಬಂದಿದ್ದೆಯಾ? ಅದರ ಕೆಳಗೆ ನಾನು ಏನನ್ನೂ ಬರೆಯಲಿಲ್ಲ. ಪುಸ್ತಕ ಮೂರ್ತಿಗಳಿಗೆ ಕೊಟ್ಟೆ, ಮತ್ತೆಂದೂ ಮುಟ್ಟಲಿಲ್ಲ. ನೀನು ಆ ವಿಷಯ ಎತ್ತಲಿಲ್ಲ. ಭಾನುವಾರಗಳು ನಡೆದವು, ಮಂಡಕ್ಕಿ, ಜಗಳ ಎಲ್ಲ ಇತ್ತು. ಆದರೆ ನಮ್ಮ ಮನೆಯಿರುವ ಕೋಟೆಯ ಕಡೆ ಮಾತ್ರ ನೀನು ತಲೆ ಹಾಕಲಿಲ್ಲ. ಆಮೇಲೊಂದು ದಿನ ಕೆಲಸದ ಪಾಳಿಯಲ್ಲೇ ಎದೆನೋವು. ನನಗೆ ಗೊತ್ತಾದದ್ದು ಮೂರು ದಿನ ಕಳೆದು. ನಾನು ನಿನಗೆ ಏನಾಗಬೇಕೆಂದು ಯಾರಿಗೆ ಗೊತ್ತಿತ್ತು, ಹೇಳಿ ಕಳಿಸಲು?

ಈಗ ಕೇಳು. ಹೋದ ತಿಂಗಳು, ಆ ಹುಡುಗಿಯ ಪುಸ್ತಕದ ಸಿಟ್ಟಿನಲ್ಲೇ ಮೂರ್ತಿಗಳ ಹತ್ತಿರ ಹೋದೆ. ಹೊಸ ವ್ಯಾಂಪೈರ್‌ಗಳೆಲ್ಲ ಬರೀ ಹಾಲುಗಲ್ಲದ ಕಾಲೇಜು ಹುಡುಗರು, ಒಬ್ಬನಿಗೂ ಒಬ್ಬ ಗೆಳೆಯನ ಕಡೆ ಕಣ್ಣೆತ್ತಿ ನೋಡುವ ಎದೆಗಾರಿಕೆಯಿಲ್ಲ. ನಮ್ಮ ಹಳೆಯ ಲೇಖಕಿಯೇ ವಾಸಿ, ಹೆದರುತ್ತಲಾದರೂ ಕೈ ಹಿಡಿಸಿದ್ದಳು. ಅದನ್ನು ಖಚಿತ ಮಾಡಿಕೊಳ್ಳಲು ಕಪ್ಪು ರಟ್ಟನ್ನು ಕೆಳಗಿಳಿಸಿದೆ. ಪುಟ ತಾನಾಗಿ ತೆರೆದುಕೊಂಡಿತು. ನಿನ್ನ ಪ್ರಶ್ನೆಯ ಕೆಳಗೆ, ಚಂದ್ರಣ್ಣ, ನೀಲಿ ಶಾಯಿಯಲ್ಲಿ ಬೇರೆ ಯಾರದೋ ಅಕ್ಷರ: "ಕರೆಯುವ ಧೈರ್ಯ ನನಗಿಲ್ಲ. ಕರೆದರೆ ಬರುತ್ತೇನೆ." ಅದರ ಕೆಳಗೆ ಹಸಿರು ಶಾಯಿ: "ನಾನೂ." ಅದಕ್ಕೂ ಕೆಳಗೆ, ಪುಟ್ಟ ಪುಟ್ಟ ಅಕ್ಷರದಲ್ಲಿ: "ಬೆಳಿಗ್ಗೆ ಇಟ್ಟುಕೊಳ್ಳಿ. ಕುಂಸಿಗೆ ವಾಪಸು ಬಸ್ಸು ಸಿಗಬೇಕು."

ನಾನು ರ್‍ಯಾಕಿನ ಕೆಳಗೇ ಕೂತುಬಿಟ್ಟೆ. ಇಡೀ ಊರಿನಲ್ಲಿ ನಾವಿಬ್ಬರೇ ಎಂದುಕೊಂಡಿದ್ದೆವಲ್ಲ! ಉಳಿದ ಪುಸ್ತಕಗಳಲ್ಲಿ ಗೆರೆ ಕಂಡರೆ ಸಾಕು, ರಬ್ಬರ್ ಹಿಡಿದು ಬಯ್ಯುತ್ತಾ ಉಜ್ಜುವ ಮೂರ್ತಿಗಳು ಇದನ್ನು ಹೇಗೆ ಬಿಟ್ಟರು? ಕೇಳಿದೆ. ಅವರು ಲೆಡ್ಜರಿನಿಂದ ತಲೆಯೆತ್ತದೆ, "ಆ ಪುಸ್ತಕದಲ್ಲಿ ಕಥೆಗಿಂತ ಅಂಚೇ ಚೆನ್ನಾಗಿದೆ ಸಾರ್, ನಾನೂ ಓದ್ತೀನಿ" ಎಂದರು. ಅವರ ಪೆನ್ನನ್ನೇ ಇಸಿದುಕೊಂಡು ಎಲ್ಲರ ಕೆಳಗೆ ಬರೆದೆ: "ಭಾನುವಾರ ಬೆಳಿಗ್ಗೆ ಹನ್ನೊಂದು. ಇದೇ ಬೀದಿ, ಹಸಿರು ಬಾಗಿಲು." ಇಷ್ಟು ವರ್ಷ ಸಂಪಾದಕರಿಗೆ ಬರೆದ ಯಾವ ಪತ್ರವೂ ಇಷ್ಟು ಚಿಕ್ಕದಾಗಿರಲಿಲ್ಲ.

ಮೂರು ಭಾನುವಾರ ಯಾರೂ ಬರಲಿಲ್ಲ. ಮೊನ್ನೆ ನಾಲ್ಕನೆಯದು. ಬಾಗಿಲು ತೆರೆದರೆ ನಿನ್ನ ವಯಸ್ಸಿನವರೊಬ್ಬರು, ಕಂಕುಳಲ್ಲಿ ಕಪ್ಪು ರಟ್ಟು, ಹೊಸಿಲಿನಾಚೆ. ಕುಂಸಿಯವರು. ಪುಟ ತೆರೆದು ತಮ್ಮ ಪುಟ್ಟ ಅಕ್ಷರ ತೋರಿಸಿದರು. ಒಳಗಿಂದ ಅದೇ ಪ್ರಶ್ನೆ, "ಯಾರೋ ಅದು?"

"ನನ್ನ ಸ್ನೇಹಿತರು ಅಮ್ಮ" ಎಂದೆ. ಅವರಿಗೆ, "ಒಳಗೆ ಬನ್ನಿ" ಎಂದೆ.

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಅವರನ್ನು ಕೂರಿಸಿ ನನ್ನ ಕಡೆ ತಿರುಗಿದಳು. "ಈ ಸಲನಾದ್ರೂ ಕರೆದ್ಯಲ್ಲ. ಅವತ್ತು ಕಿಟಕೀಲಿ ನೋಡ್ದೆ, ಆ ಕೊಡೆಯವ್ರನ್ನ ಬಾಗಿಲಿಂದಲೇ ಕಳಿಸ್ಬಿಟ್ಟೆ. ನಾನು ಕಾಫಿಗೆ ನೀರಿಟ್ಟಿದ್ದೆ ಕಣೋ."

ನೀರು ಕುದಿಯುತ್ತಿತ್ತು ಚಂದ್ರಣ್ಣ. ನೀನು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ತಿರುಗುವಾಗ ನಮ್ಮ ಒಲೆಯ ಮೇಲೆ ನಿನ್ನ ಪಾಲಿನ ನೀರು ಕುದಿಯುತ್ತಿತ್ತು. ಅವಳಿಗೆ ಎಷ್ಟು ಗೊತ್ತು, ಎಂದಿನಿಂದ ಗೊತ್ತು, ನಾನು ಕೇಳಿಲ್ಲ. ಕೇಳುತ್ತೇನೆ.

ಬರುವ ಭಾನುವಾರ ನೀಲಿ ಶಾಯಿಯವರೂ ಬರುತ್ತಾರಂತೆ. ಕುಂಸಿಯವರು ಈ ಕಾದಂಬರಿಗಳ ಕಡು ವಿರೋಧಿ. ಸತ್ತವರ ಸಂಸಾರ ನಮಗೇಕೆ ಎಂದು ನನ್ನದೇ ವಾದ ಮಾಡುತ್ತಾರೆ, ನನಗಿಂತ ಜೋರಾಗಿ. ಹಾಗಾಗಿ ಒಂದು ಮಾತು ಕೊಡುತ್ತೇನೆ. ಅವತ್ತು ನಿನ್ನ ಪಕ್ಷ ಹಿಡಿದು ನಾನು ವಾದಿಸುತ್ತೇನೆ. ಮಂಡಕ್ಕಿಯಲ್ಲಿ ಕಡಲೆಬೀಜ ಆರಿಸುತ್ತಾ, ಶಾಂತವಾಗಿ, ನಿನ್ನ ಹಾಗೇ.

ನಿನ್ನ,
ಶಿವಾನಂದ